ಪಹಣಿ ಎಲ್ಲರಿಗೂ ಮುಕ್ತ, ದತ್ತಾಂಶ ಭದ್ರ: ಸಣ್ಣ ಕ್ಲೌಡ್‌ಗೂ ಬೇಕು ಎರಡು ಜಾಲ

ಯಾದಗಿರಿ: ಶಹಾಪುರದ ಅಥವಾ ಸುರಪುರದ ರೈತ ಬೆಳೆ ಸಾಲಕ್ಕೆಂದು ಹೋದರೆ ಬ್ಯಾಂಕ್ ಪಹಣಿ ಕೇಳುತ್ತದೆ. ಸರ್ವೆ ಸಂಖ್ಯೆ ಗೊತ್ತಿದ್ದರೆ ಆ ಪಹಣಿಯನ್ನು ಇಂದು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಅದನ್ನು ತಿದ್ದುವ ಅಧಿಕಾರ ಕಂದಾಯ ಇಲಾಖೆಯ ಅಧಿಕೃತ ಸಿಬ್ಬಂದಿಗೆ ಮಾತ್ರ. ನೋಡುವ ದಾರಿ, ತಿದ್ದುವ ದಾರಿ ಬೇರೆ ಬೇರೆ ಇರಬೇಕೆಂಬುದೇ ಸಾರ್ವಜನಿಕ ಹಾಗೂ ಖಾಸಗಿ ಜಾಲಗಳ ತಿರುಳು. ಸ್ವಂತ ಸರ್ವರ್‌ಗಳಲ್ಲಿ ಸಣ್ಣ ‘ಖಾಸಗಿ ಕ್ಲೌಡ್’ ಕಟ್ಟಿಕೊಳ್ಳುವ ಕಾಲೇಜು, ಆಸ್ಪತ್ರೆ, ಸಹಕಾರ ಸಂಘಗಳಿಗೂ ಇದೇ ಮೊದಲ ಪಾಠ.

ತಾಲ್ಲೂಕಿನಿಂದ ರಾಜಧಾನಿಗೆ

2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಆಗ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ಯಾದಗಿರಿ, ಶಹಾಪುರ, ಸುರಪುರ ಅಂದು ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳು; 2009ರ ಡಿಸೆಂಬರ್ 30ರಂದು ಅವು ಸೇರಿ ಯಾದಗಿರಿ ಜಿಲ್ಲೆ ರೂಪುಗೊಂಡಿತು. ಕ್ರಮೇಣ ಭೂದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿದವು. ರಾಜ್ಯ, ಜಿಲ್ಲೆ, ತಾಲ್ಲೂಕು ಎಂಬ ಮೂರು ಹಂತಗಳ ‘ಕೆಸ್ವಾನ್’ ಜಾಲವು ಸರ್ಕಾರಿ ಕಚೇರಿಗಳನ್ನು ಬೆಸೆಯಿತು. ಇದು ಸರ್ಕಾರದ ಒಳಜಾಲ.

ಎರಡು ಬಗೆಯ ವಿಳಾಸ

ಜಾಲಕ್ಕೆ ಸೇರುವ ಪ್ರತಿ ಗಣಕಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು. 10ರಿಂದ, 172.16ರಿಂದ 172.31ರವರೆಗಿನ ಅಂಕಿಗಳಿಂದ ಹಾಗೂ 192.168ರಿಂದ ಆರಂಭವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆ ಮೀಸಲಿಡುವ ನಿಯಮ 1996ರಲ್ಲಿ ಈಗಿನ ರೂಪ ಪಡೆಯಿತು. ಇವುಗಳಿಗೆ ಅಂತರ್ಜಾಲದಿಂದ ನೇರ ದಾರಿಯಿಲ್ಲ. ಸಾರ್ವಜನಿಕ ವಿಳಾಸ ಹೊತ್ತ ಯಂತ್ರದ ಬಾಗಿಲನ್ನಾದರೋ ಜಗತ್ತಿನ ಯಾವ ಮೂಲೆಯಿಂದಲೂ ತಟ್ಟಬಹುದು.

ಆದ್ದರಿಂದ ದತ್ತಾಂಶವಿರುವ ಸರ್ವರ್‌ಗೆ ಖಾಸಗಿ ವಿಳಾಸ ಮಾತ್ರ ಇರಬೇಕು. ಜಾಲತಾಣದ ಸರ್ವರ್‌ಗೆ ಎರಡು ಸಂಪರ್ಕ: ಒಂದು ಹೊರಗೆ, ಇನ್ನೊಂದು ಒಳಗೆ. ಹೊರಗಿನ ಸಂಪರ್ಕದಲ್ಲಿ ಫೈರ್‌ವಾಲ್ ಎಲ್ಲ ಬಾಗಿಲು ಮುಚ್ಚಿ, ಸುರಕ್ಷಿತ ಜಾಲತಾಣಕ್ಕೆ ಬೇಕಾದ 443ನೇ ಪೋರ್ಟ್ ಒಂದನ್ನೇ ತೆರೆದಿಡುತ್ತದೆ. ನಿರ್ವಾಹಕರ ಪ್ರವೇಶ ವಿಪಿಎನ್ ಮೂಲಕವೇ ಆಗಬೇಕು. ಇದಕ್ಕೆಲ್ಲ ಪ್ರತ್ಯೇಕ ತಂತಿ ಎಳೆಯಬೇಕಿಲ್ಲ. ಒಂದೇ ಸ್ವಿಚ್ಚನ್ನು ‘ವಿಎಲ್ಯಾನ್’ ವಿಧಾನದಿಂದ ಹಲವು ಜಾಲಗಳಾಗಿ ವಿಂಗಡಿಸಬಹುದು.

ವಿಳಾಸ ಹಂಚಿಕೆ ಮೊದಲು

ಯಾದಗಿರಿಯಲ್ಲಿ ಮುಖ್ಯ ಕಚೇರಿ, ಶಹಾಪುರ ಮತ್ತು ಸುರಪುರದಲ್ಲಿ ಶಾಖೆಗಳಿರುವ ಒಂದು ಸಹಕಾರ ಸಂಘವನ್ನು ಊಹಿಸಿಕೊಳ್ಳಿ. ಮಾರುಕಟ್ಟೆಯ ಅನೇಕ ರೂಟರ್‌ಗಳು 192.168.1 ಎಂಬ ವಿಳಾಸದೊಂದಿಗೇ ಬರುತ್ತವೆ. ಮೂರೂ ಕಡೆ ಅದನ್ನೇ ಉಳಿಸಿಕೊಂಡರೆ, ಮುಂದೆ ಜಾಲಗಳನ್ನು ಜೋಡಿಸಿದಾಗ ಸುರಪುರಕ್ಕೆ ಹೊರಟ ಕಡತವನ್ನು ಶಹಾಪುರದ ಯಂತ್ರವು ತನ್ನ ಕಚೇರಿಯೊಳಗೇ ಹುಡುಕುತ್ತದೆ. ಆಗ ಎಲ್ಲ ಯಂತ್ರಗಳ ವಿಳಾಸ ಬದಲಿಸುವ ಪಾಡು. ಬದಲಿಗೆ ಯಾದಗಿರಿಗೆ 10.30.1, ಶಹಾಪುರಕ್ಕೆ 10.30.2, ಸುರಪುರಕ್ಕೆ 10.30.3 ಎಂದು ಮೊದಲೇ ಹಂಚಿದರೆ ಪ್ರತಿ ಕಚೇರಿಗೆ 254 ವಿಳಾಸಗಳು ದೊರೆಯುತ್ತವೆ, ಗೊಂದಲವಿರದು.

ಒಳಗೂ ಎಚ್ಚರ

ಖಾಸಗಿ ವಿಳಾಸವೊಂದೇ ರಕ್ಷಣೆಯಲ್ಲ. ಕಚೇರಿಯ ಒಂದು ಗಣಕಯಂತ್ರಕ್ಕೆ ವೈರಸ್ ತಗುಲಿದರೆ ಅಪಾಯ ಒಳಗಿನಿಂದಲೇ ಬರುತ್ತದೆ. ಕೌಂಟರಿನ ಯಂತ್ರವೂ ದತ್ತಾಂಶದ ಸರ್ವರನ್ನು ನೇರವಾಗಿ ತಲುಪದಂತೆ ಒಳಜಾಲದಲ್ಲಿಯೂ ನಿಯಮವಿರಬೇಕು.

ವ್ಯವಸ್ಥೆ ಸಿದ್ಧವಾದ ಮೇಲೆ ಹೊರಗಿನ ಮೊಬೈಲ್ ಸಂಪರ್ಕದಿಂದ ಪರೀಕ್ಷಿಸುವುದು ಸುಲಭ. ಜಾಲತಾಣ ತೆರೆದುಕೊಳ್ಳಬೇಕು, ದತ್ತಾಂಶದ ಸರ್ವರ್ ಉತ್ತರಿಸಲೇಬಾರದು. ಅದು ಉತ್ತರಿಸಿದರೆ, ದಾಖಲೆ ನೋಡಲು ಬಂದವರು ತಿದ್ದಲೂ ಯತ್ನಿಸಬಹುದಾದ ಬಾಗಿಲು ತೆರೆದಿದೆ ಎಂದೇ ಅರ್ಥ.