ತುರ್ತು ಅನುಮತಿ ಯಾವಾಗ ಮುಗೀಬೇಕು?

ಒಂದು ಲಸಿಕೆಗೆ ಪೂರ್ತಿ ಅನುಮೋದನೆ ಸಿಕ್ಕ ಮೇಲೆ, ತುರ್ತು ಅನುಮತಿಯಲ್ಲಿ ನಡೀತಿರೋ ಉಳಿದ ಲಸಿಕೆಗಳನ್ನ ನಿಲ್ಲಿಸಬೇಕಾ? ಇವತ್ತಿನ ಪ್ರಶ್ನೆ ಇದು. ನಿಗಡಿಯಿಂದ ಹಿಂಜವಡಿಗೆ ಓಡಾಡೋ ನಮಗೆ ಇದೇನು ದೂರದ ಮಾತಲ್ಲ. ಕೋವಿಶೀಲ್ಡ್ ತಯಾರಾಗಿದ್ದು ಇದೇ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ. ಎಂಆರ್‌ಎನ್‌ಎ ಲಸಿಕೆ ಮಾಡಿದ ಜೆನ್ನೋವಾ ಹಿಂಜವಡಿಯಲ್ಲೇ ಇದೆ.

ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡಕ್ಕೂ ತುರ್ತು ಅನುಮತಿ ಸಿಕ್ಕಿದ್ದು 2021ರ ಜನವರಿ 3ರಂದು. ಕೋವ್ಯಾಕ್ಸಿನ್‌ನ ಮೂರನೇ ಹಂತದ ಫಲಿತಾಂಶ ಆಗಿನ್ನೂ ಬಂದಿರಲಿಲ್ಲ. ಹಾಗಾಗಿ ಅದನ್ನ ‘ಕ್ಲಿನಿಕಲ್ ಟ್ರಯಲ್ ಮೋಡ್’ನಲ್ಲಿ ಕೊಟ್ರು, ಸೂಜಿ ಚುಚ್ಚಿಸಿಕೊಳ್ಳೋ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಮಾರ್ಚ್‌ನಲ್ಲಿ ಆ ನಿಬಂಧನೆ ಹೋಯ್ತು. 2022ರ ಜನವರಿ 27ರಂದು ಎರಡಕ್ಕೂ ಷರತ್ತುಬದ್ಧ ಮಾರುಕಟ್ಟೆ ಅನುಮತಿ ಬಂತು, ವಯಸ್ಕರಿಗೆ ಮಾತ್ರ.

ಈ ‘ವಯಸ್ಕರಿಗೆ ಮಾತ್ರ’ ಅನ್ನೋದರಲ್ಲೇ ಗಂಟು ಇರೋದು. ಅದೇ ಜನವರಿ 3ರಿಂದ, 15 ದಾಟಿದ ಹುಡುಗ ಹುಡುಗಿಯರಿಗೆ ಕೋವ್ಯಾಕ್ಸಿನ್ ಹಾಕೋಕೆ ಶುರು ಮಾಡಿದ್ರು. ಅವರ ಪಾಲಿಗೆ ಅದು ಇನ್ನೂ ತುರ್ತು ಅನುಮತಿಯ ಲಸಿಕೆ. ದೊಡ್ಡವರ ಲಸಿಕೆ ಪಾಸಾಯ್ತಲ್ಲ ಅಂತ ಅವತ್ತೇ ಎಲ್ಲಾ ತುರ್ತು ಅನುಮತಿ ರದ್ದು ಮಾಡಿದ್ದಿದ್ರೆ, ಮೊದಲ ಡೋಸ್ ತಗೊಂಡ ಮಕ್ಕಳು ಎರಡನೇದಕ್ಕೆ ಎಲ್ಲಿಗೆ ಹೋಗಬೇಕಿತ್ತು?

ಅಮೆರಿಕದ ಕಾನೂನಿನ ಪ್ರಕಾರ, ಅನುಮೋದನೆ ಪಡೆದ ಪರ್ಯಾಯ ಕಾಗದದ ಮೇಲೆ ಇದ್ದರೆ ಸಾಲದು. ಅದು ಸಾಕಷ್ಟು ಸಿಗಲೂಬೇಕು. 2021ರ ಆಗಸ್ಟ್ 23ರಂದು ಫೈಝರ್‌ಗೆ 16 ತುಂಬಿದವರಿಗಾಗಿ ಪೂರ್ತಿ ಅನುಮೋದನೆ ಸಿಕ್ಕಾಗಲೂ ತುರ್ತು ಅನುಮತಿ ಮುಂದುವರೀತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಅದನ್ನ ತೆಗೆದಾಗ, ಐದು ವರ್ಷದೊಳಗಿನ ಮಕ್ಕಳಿಗೆ ಫೈಝರ್ ಲಸಿಕೆಯೇ ಇಲ್ಲದಂತಾಯ್ತು. ಮಾಡೆರ್ನಾದ್ದು ಉಳೀತು, ಅದೂ ಹೆಚ್ಚು ಅಪಾಯ ಇರೋ ಮಕ್ಕಳಿಗೆ ಮಾತ್ರ. ಆನ್‌ಸೈಟ್ ಹೋಗಿರೋ ನಮ್ಮವರ ಮನೆಗೂ ತಟ್ಟೋ ವಿಷಯ ಇದು.

ಹಾಗಂತ ತುರ್ತು ಅನ್ನೋ ಪದವನ್ನ ಎಷ್ಟು ಬೇಕಾದ್ರೂ ಎಳೀಬಹುದಾ? ಜೆನ್ನೋವಾದ ಲಸಿಕೆಗೆ ತುರ್ತು ಅನುಮತಿ ಸಿಕ್ಕಿದ್ದು 2022ರ ಜೂನ್‌ನಲ್ಲಿ, ವಯಸ್ಕರಿಗೆ. ಅಷ್ಟೊತ್ತಿಗೆ ವಯಸ್ಕರಿಗೆ ಅನುಮತಿ ಪಡೆದ ಎರಡು ಲಸಿಕೆ ಇದ್ದವು, ಡೋಸ್‌ಗೆ ಪರದಾಟವೂ ಇರಲಿಲ್ಲ. ನಮ್ಮ ದೇಶದ್ದೇ ಎಂಆರ್‌ಎನ್‌ಎ, ಮಾಮೂಲಿ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿ ಕೆಡದೆ ಇರುತ್ತೆ, ಸಾಧನೆ ದೊಡ್ಡದೇ. ಆದರೆ ಅದಕ್ಕೆ ನಿಧಾನದ ದಾರಿಯೇ ಸಾಕಿತ್ತು ಅಂತ ನನಗನಿಸುತ್ತೆ.

ನನ್ನ ಕೇಳಿದ್ರೆ, ತುರ್ತು ಅನುಮತಿಯನ್ನ ವಯಸ್ಸಿನ ಗುಂಪಿನ ಪ್ರಕಾರ ಮುಗಿಸಬೇಕು. ಆ ಗುಂಪಿಗೆ ಅನುಮೋದಿತ ಲಸಿಕೆ ತಾಲೂಕು ಆಸ್ಪತ್ರೆಯಲ್ಲೂ ಸಿಗ್ತಿದೆಯಾ ನೋಡಿ, ಮೊದಲ ಡೋಸ್ ಆದವರಿಗೆ ಎರಡನೇದು ಮುಗಿಸೋಕೆ ಗಡುವು ಕೊಟ್ಟು, ಆಮೇಲೆ ನಿಲ್ಲಿಸಲಿ.