ಗಾಡಿಯ ಮೇಲೆ ದೋಣಿ

‘ಒಮ್ಮೆ ದೋಣಿಯ ಮೇಲೆ ಗಾಡಿ, ಒಮ್ಮೆ ಗಾಡಿಯ ಮೇಲೆ ದೋಣಿ’ ಎಂಬ ಮಾತು ಹಿಂದಿ ಸೀಮೆಯಲ್ಲಿ ಪ್ರಚಲಿತ. ಕಾಲಚಕ್ರ ಉರುಳುವ ಬಗೆಯನ್ನು ಹೇಳಲು ಹುಟ್ಟಿಕೊಂಡ ಗಾದೆ ಅದು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮಾತ್ರ ಅದು ಗಾದೆಯಲ್ಲ, ವರ್ಷಕ್ಕೆರಡು ಬಾರಿ ನಡೆಯುವ ಕೆಲಸ. ಮಿಷಿಗನ್, ವಿಸ್ಕಾನ್ಸಿನ್, ಮಿನ್ನೆಸೋಟಗಳಲ್ಲಿ ಊರಿಗೊಂದು ಸರೋವರ. ಚಳಿಗಾಲ ಬಂತೆಂದರೆ ಅವುಗಳ ನೀರು ಹೆಪ್ಪುಗಟ್ಟುತ್ತದೆ. ಸಣ್ಣ ಹಾಯಿದೋಣಿ ಇಟ್ಟುಕೊಂಡವರು ಅದನ್ನು ನೀರಿನಿಂದ ಮೇಲೆತ್ತಿ, ಟ್ರೇಲರಿನ ಮೇಲೆ ಕೂರಿಸಿ, ಕಾರಿನ ಹಿಂದೆ ಕಟ್ಟಿಕೊಂಡು ಮನೆಯಂಗಳಕ್ಕೆ ತರುತ್ತಾರೆ. ವಸಂತ ಬಂದಾಗ ಮತ್ತೆ ನೀರಿಗೆ.

ಈ ಟ್ರೇಲರ್ ನಮ್ಮ ಕಬ್ಬು ಸಾಗಿಸುವ ಟ್ರೇಲರಿನಂತೆ ಏನನ್ನು ಹೇರಿದರೂ ಸೈ ಎನ್ನುವಂಥದ್ದಲ್ಲ. ಒಂದೊಂದು ದೋಣಿಯ ಹೊಟ್ಟೆಯ ಆಕಾರಕ್ಕೂ ತೂಕಕ್ಕೂ ಹೊಂದುವಂತೆ ಮಾಡಿದ್ದು. ದರ್ಜಿ ಹೊಲಿದ ಅಂಗಿಯಂತೆ. ಒಬ್ಬರ ಅಂಗಿ ಮತ್ತೊಬ್ಬರಿಗೆ ಆಗಬೇಕಾದರೆ ಅಳತೆ ಬಲ್ಲವರ ಕತ್ತರಿ ಬೇಕು. ಹೊಸತನ್ನೇ ಕೊಳ್ಳಬಹುದಲ್ಲ ಎಂದರೆ, ಹಳೆಯ ದೋಣಿಗಿಂತ ಹೊಸ ಟ್ರೇಲರಿಗೇ ಹೆಚ್ಚು ಬೆಲೆಯಾಗುವುದುಂಟು. ಹೀಗಾಗಿ ಬೇರೆ ದೋಣಿಯ ಟ್ರೇಲರನ್ನು ತಂದು ತಮ್ಮ ದೋಣಿಗೆ ಹೊಂದಿಸಿಕೊಳ್ಳುವವರು ಅಲ್ಲಿ ಬಹಳ ಮಂದಿ.

ಅವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಭೌತಶಾಸ್ತ್ರ ಕಲಿತವನು, ಈಗ ಮಿಷಿಗನ್ನಿನಲ್ಲಿ ಸಂಸಾರ ಹೂಡಿದ್ದಾನೆ. ಹಳೆಯ ದೋಣಿಯೊಂದನ್ನು ಕೊಂಡು, ಮತ್ತೊಂದು ಜಾತಿಯ ದೋಣಿಯ ಟ್ರೇಲರಿನ ಮೇಲೆ ಕೂರಿಸಿ, ಫೋನಿನಲ್ಲಿ ಚಿತ್ರ ಕಳಿಸಿದ. ಟ್ರೇಲರಿನ ಮುಂತುದಿಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದಿದ್ದ. ‘ನೋಡಿ ಸರ್, ಒಂದೂವರೆ ಟನ್ನಿನ ಗಾಡಿ, ಹೂವಿನ ಹಾಗೆ ಏಳುತ್ತೆ’ ಎಂಬ ಒಕ್ಕಣೆ ಬೇರೆ. ‘ಮಾರಾಯ, ಅದನ್ನು ರಸ್ತೆಗೆ ಇಳಿಸಬೇಡ. ಮೊದಲು ನಿಮ್ಮಜ್ಜನ ಎತ್ತಿನ ಗಾಡಿ ನೆನಪು ಮಾಡಿಕೋ’ ಎಂದು ನಾನು ಬರೆದೆ. ಯಾಕೆ ಹಾಗೆ ಬರೆದೆ ಎಂಬುದೇ ಈ ಲೇಖನದ ವಿಷಯ.

ಕೀಲು ಅಲ್ಲ, ಕೀಲ್

ಹಾಯಿದೋಣಿಯ ತಳದಿಂದ ಕೆಳಕ್ಕೆ ಮೀನಿನ ರೆಕ್ಕೆಯಂತೆ ಚಾಚಿರುವ ಭಾರವಾದ ಹಲಗೆಯಂಥ ಭಾಗಕ್ಕೆ ‘ಕೀಲ್’ ಎಂದು ಹೆಸರು. ಬಾಗಿಲಿನ ಕೀಲಿಗೂ ಇದಕ್ಕೂ ಸಂಬಂಧವಿಲ್ಲ. ಸೀಸ ಅಥವಾ ಎರಕದ ಕಬ್ಬಿಣದ ಈ ಕೀಲ್ ಎರಡು ಕೆಲಸ ಮಾಡುತ್ತದೆ. ಗಾಳಿ ಪಕ್ಕದಿಂದ ಬೀಸಿದಾಗ ದೋಣಿ ಅಡ್ಡಡ್ಡ ಜಾರದಂತೆ ನೀರನ್ನು ಒತ್ತಿ ಹಿಡಿಯುವುದು ಒಂದು. ಗುರುತ್ವ ಕೇಂದ್ರವನ್ನು ಕೆಳಗಿಳಿಸಿ, ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಇನ್ನೊಂದು. ತಂಜಾವೂರಿನ ತಲೆಯಾಡಿಸುವ ಬೊಂಬೆ ಎಷ್ಟು ತಳ್ಳಿದರೂ ಎದ್ದು ಕೂರುವುದು ಇದೇ ನ್ಯಾಯದಿಂದ.

ಕೆಲವು ದೋಣಿಗಳಲ್ಲಿ ಕೀಲನ್ನು ಮೇಲಕ್ಕೆ ಮಡಚಬಹುದು. ಸ್ಥಿರ ಕೀಲಿನ ದೋಣಿಯಲ್ಲಿ ಆ ಅನುಕೂಲವಿಲ್ಲ. ನೀರಿನಲ್ಲಿ ಅದನ್ನು ಕಾಪಾಡುವ ಕೀಲೇ ನೆಲದ ಮೇಲೆ ಅದಕ್ಕೆ ಒಂಟಿ ಕಾಲಾಗುತ್ತದೆ. ಟನ್ನುಗಟ್ಟಲೆ ತೂಕದ ವಸ್ತುವನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿ ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಎಳೆದೊಯ್ಯುವುದೆಂದರೆ ಹುಡುಗಾಟವಲ್ಲ.

ಎರಡು ದೋಣಿಗಳು

ನನ್ನ ಶಿಷ್ಯನ ಟ್ರೇಲರ್ ‘ಜೆ-24’ ಎಂಬ ದೋಣಿಯದು. ರಾಡ್ ಜಾನ್‌ಸ್ಟೋನ್ ಎಂಬಾತ ಕನೆಕ್ಟಿಕಟ್ ರಾಜ್ಯದ ಸ್ಟೋನಿಂಗ್ಟನ್ನಿನ ತನ್ನ ಮನೆಯ ಗ್ಯಾರೇಜಿನಲ್ಲಿ ಅದರ ಮೊದಲ ಮಾದರಿಯನ್ನು ಕಟ್ಟಿ 1976ರಲ್ಲಿ ನೀರಿಗಿಳಿಸಿದ. ಮುಂದೆ ಅದು ಐದು ಸಾವಿರಕ್ಕೂ ಮೀರಿ ತಯಾರಾಗಿ ಜಗತ್ತಿನ ಹೆಸರಾಂತ ಪಂದ್ಯದ ದೋಣಿಗಳಲ್ಲಿ ಒಂದಾಯಿತು. ಉದ್ದ 7.32 ಮೀಟರ್, ಅಗಲ 2.71 ಮೀಟರ್, ತೂಕ ಸುಮಾರು 1,400 ಕಿಲೋ. ಅದರಲ್ಲಿ ಕೀಲಿನ ಭಾರವೇ 430 ಕಿಲೋದಷ್ಟು. ನೀರಿನ ಮಟ್ಟದಿಂದ ಕೀಲಿನ ತುದಿಯವರೆಗೆ ಆಳ 1.22 ಮೀಟರ್.

ಅವನು ಕೊಂಡ ದೋಣಿ ‘ಕ್ಯಾಟಲಿನಾ-22’. ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್ 1969ರಲ್ಲಿ ರೂಪಿಸಿದ, ಸಂಸಾರಸ್ಥರ ದೋಣಿ. ಹದಿನೈದು ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಇದರಲ್ಲಿ ಮಡಚುವ ಕೀಲಿನದೂ ಉಂಟು, ಸ್ಥಿರ ಕೀಲಿನದೂ ಉಂಟು. ಇವನದು ಎರಡನೆಯದು. ಉದ್ದ 6.55 ಮೀಟರ್, ಅಗಲ 2.34 ಮೀಟರ್, ಆಳ 1.07 ಮೀಟರ್, ತೂಕ ಸುಮಾರು 1,130 ಕಿಲೋ.

ದೊಡ್ಡದರ ಟ್ರೇಲರಿಗೆ ಚಿಕ್ಕದು ಬಂದಿದೆ, ಇನ್ನೇನು ಚಿಂತೆ ಎನ್ನಿಸುವುದು ಸಹಜ. ತಾಳುವ ಶಕ್ತಿಯ ಮಟ್ಟಿಗೆ ಅದು ನಿಜ. ಇದೇ ತಿರುಗುಮುರುಗಾಗಿದ್ದರೆ, ಅಂದರೆ ಹಗುರ ದೋಣಿಯ ಟ್ರೇಲರಿಗೆ ಭಾರದ ದೋಣಿ ಬಂದಿದ್ದರೆ, ಅಲ್ಲಿಗೇ ಕೆಲಸ ನಿಲ್ಲಿಸಬೇಕಿತ್ತು. ಟ್ರೇಲರಿನ ಮೇಲಿನ ಫಲಕದಲ್ಲಿ ಗಾಡಿಯೂ ಸೇರಿ ಎಷ್ಟು ತೂಕದವರೆಗೆ ಸರಿ ಎಂದು ಕೊರೆದಿರುತ್ತದೆ. ದೋಣಿಯ ಜತೆಗೆ ಮೋಟಾರು, ಲಂಗರು, ಹಾಯಿ, ಅಡುಗೆ ಸಾಮಾನು ಎಲ್ಲವೂ ಲೆಕ್ಕಕ್ಕೆ ಬರಬೇಕು. ಕೈಪಿಡಿಯ ಅಂಕಿಯನ್ನು ನಂಬುವುದಕ್ಕಿಂತ ಲಾರಿ ತೂಗುವ ವೇಬ್ರಿಜ್ಜಿಗೆ ಒಯ್ಯುವುದು ಲೇಸು. ಇನ್ನೊಂದು ಅನುಕೂಲವೂ ಆಯಿತು: ಅಲ್ಲಿನ ಹೆದ್ದಾರಿಗಳಲ್ಲಿ ವಿಶೇಷ ಪರವಾನಗಿಯಿಲ್ಲದೆ ಸಾಗಬಹುದಾದ ಅಗಲ ಸಾಮಾನ್ಯವಾಗಿ 2.59 ಮೀಟರ್. ಜೆ-24 ಇದನ್ನು ಮೀರುತ್ತದೆ, ಕ್ಯಾಟಲಿನಾ ಮೀರುವುದಿಲ್ಲ.

ಭಾರ ಹೊರುವವರು ಯಾರು?

ಟ್ರೇಲರಿನಲ್ಲಿ ದೋಣಿಗೆ ಎರಡು ಬಗೆಯ ಆಸರೆ. ಕೀಲಿನ ಅಡಿಗೆ ಗಟ್ಟಿಮರದ ಹಲಗೆ. ಹೊಟ್ಟೆಯ ಎರಡೂ ಪಕ್ಕಕ್ಕೆ ಸ್ಕ್ರೂ ತಿರುಗಿಸಿ ಏರಿಸಿ ಇಳಿಸಬಹುದಾದ ಮೆತ್ತೆಗಳು. ಭಾರವನ್ನು ಹೊರಬೇಕಾದದ್ದು ಕೀಲಿನ ಹಲಗೆ. ಮೆತ್ತೆಗಳ ಕೆಲಸ ದೋಣಿ ವಾಲದಂತೆ ನೋಡಿಕೊಳ್ಳುವುದಷ್ಟೆ. ಇದು ತಲೆಕೆಳಗಾದರೆ, ನಾರುಗಾಜಿನ ತೆಳ್ಳಗಿನ ಹೊಟ್ಟೆಯ ಮೇಲೆ ಟನ್ ಭಾರ ಬಿದ್ದು ತಗ್ಗಾಗುತ್ತದೆ, ಬಿರುಕು ಬಿಡುತ್ತದೆ. ದೋಣಿಯೊಳಗೆ ಅಡ್ಡಗೋಡೆ ಇರುವ ಜಾಗಕ್ಕೆ ಸರಿಯಾಗಿ ಮೆತ್ತೆ ಕೊಟ್ಟರೆ ಒತ್ತಡ ತಾಳುತ್ತದೆ.

ಈಗ ಅಳತೆ ನೋಡಿ. ಜೆ-24ಕ್ಕಿಂತ ಕ್ಯಾಟಲಿನಾದ ಆಳ 15 ಸೆಂಟಿಮೀಟರ್ ಕಡಿಮೆ. ಹಳೆಯ ಹಲಗೆಯ ಮೇಲೇ ಕೀಲನ್ನು ಇಟ್ಟರೆ ಹೊಟ್ಟೆ ಹೆಚ್ಚುಕಡಿಮೆ ಅಷ್ಟೇ ಕೆಳಗೆ ಬರುತ್ತದೆ. ಕೀಲಿನ ಅಡಿಗೆ ದಪ್ಪ ತೊಲೆ ಕೊಟ್ಟು ಎತ್ತರಿಸಿದರೆ ಮೆತ್ತೆಗಳನ್ನು ಮುಟ್ಟಬೇಕಾಗಿಲ್ಲ, ಸುಲಭ. ಆದರೆ ಎತ್ತರಿಸಿದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ. ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ಹುಲ್ಲನ್ನು ಆಳೆತ್ತರಕ್ಕೆ ಹೇರಿದ ಗಾಡಿ ಕೊರಕಲಿನಲ್ಲಿ ಉರುಳುವುದು ಅದಕ್ಕೇ. ಆದ್ದರಿಂದ ಮೆತ್ತೆಗಳನ್ನು ಇಳಿಸುವುದೇ ಸರಿಯಾದ ದಾರಿ. ಹಾಗೆ ಇಳಿಸಿದಾಗ ದೋಣಿಯ ಹೊಟ್ಟೆ ಚಕ್ರದ ಮಡ್‌ಗಾರ್ಡಿಗೆ ತಾಗುವಂತಿದ್ದರೆ ಮಾತ್ರ, ಬೇಕಾದಷ್ಟೇ ದಪ್ಪದ ಹಲಗೆ ಕೊಡಬೇಕು.

ಮುಂಭಾರ, ಹಿಂಭಾರ

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಅಚ್ಚಿಗೆ ದೋಣಿ ಎಷ್ಟು ಮುಂದೆ ಕೂರಬೇಕೆಂಬುದು. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೂಟೆಗಳನ್ನು ಹಿಂದಕ್ಕೆ ಹೇರಿದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಸೆಳೆಯುತ್ತದೆ. ತೀರಾ ಮುಂದಕ್ಕೆ ಹೇರಿದರೆ ನೊಗದ ಭಾರಕ್ಕೆ ಎತ್ತು ಕುಸಿಯುತ್ತದೆ. ಅಚ್ಚೇ ಆಧಾರಬಿಂದುವಾದ ಸನ್ನೆ ಇದು. ಜಾಣ ಗಾಡಿಕಾರ ನೊಗ ಕೊರಳ ಮೇಲೆ ಹದವಾಗಿ ಕೂರುವಷ್ಟು ಮುಂಭಾರ ಇಡುತ್ತಾನೆ.

ಕಾರಿನ ಹಿಂದಿನ ಟ್ರೇಲರಿಗೂ ಅದೇ ನಿಯಮ, ವೇಗ ಮಾತ್ರ ಹತ್ತಾರು ಪಟ್ಟು. ಹಿಂಭಾರವಾದ ಟ್ರೇಲರ್ ಒಂದು ವೇಗವನ್ನು ದಾಟಿದೊಡನೆ ಹಾವಿನ ಬಾಲದಂತೆ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕಡೆಗೆ ಕಾರನ್ನೇ ತಿರುಗಿಸಿ ಬಿಸಾಡುತ್ತದೆ. ಮುಂಭಾರ ಮಿತಿಮೀರಿದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ. ಸ್ಟೇರಿಂಗ್ ಮಾತು ಕೇಳುವುದಿಲ್ಲ. ಅಮೆರಿಕದಲ್ಲಿ ರೂಢಿಯಲ್ಲಿರುವ ಹದವೆಂದರೆ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಭಾಗ ಕಾರಿನ ಕೊಕ್ಕೆಯ ಮೇಲೆ ಬೀಳಬೇಕು. ಅದನ್ನು ಕಾರು ತಾಳಬಲ್ಲುದೇ ಎಂಬುದನ್ನೂ ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಲೆಕ್ಕ ಹೀಗಿದೆ. ಸಾಮಾನು ಸಹಿತ ದೋಣಿ 1,200 ಕಿಲೋ, ಟ್ರೇಲರ್ 450 ಕಿಲೋ ಎಂದಿಟ್ಟುಕೊಳ್ಳೋಣ. ಒಟ್ಟು 1,650. ಕೊಕ್ಕೆಯ ಮೇಲೆ 165 ಕಿಲೋ ಬೀಳಬೇಕು. ಒಂದೇ ಕೈಗೆ ಏಳುತ್ತದೆ ಎಂದರೆ ಇದ್ದದ್ದು 20 ಕಿಲೋ ಇರಬಹುದು. ಕೊರತೆ 145 ಕಿಲೋ. ಎರಡು ಅಚ್ಚುಗಳ ನಡುಬಿಂದುವಿನಿಂದ ಕೊಕ್ಕೆಗೆ 5 ಮೀಟರ್ ದೂರ. ದೋಣಿಯ ತೂಕವನ್ನು ಸರಿಸಿದ ದೂರದಿಂದ ಗುಣಿಸಿ, ಐದರಿಂದ ಭಾಗಿಸಿದರೆ ಕೊಕ್ಕೆಯ ಮೇಲೆ ಹೆಚ್ಚುವ ಭಾರ ಸಿಗುತ್ತದೆ. 145ನ್ನು 5ರಿಂದ ಗುಣಿಸಿ 1,200ರಿಂದ ಭಾಗಿಸಿ: 0.6 ಮೀಟರ್. ಅಂದರೆ ದೋಣಿ 60 ಸೆಂಟಿಮೀಟರ್ ಮುಂದೆ ಬರಬೇಕು. ಕ್ಯಾಟಲಿನಾ ಗಿಡ್ಡವಾದ್ದರಿಂದ ಮುಂದೆ ಜಾಗಕ್ಕೆ ಕೊರತೆಯಿಲ್ಲ. ಮೂತಿಯನ್ನು ತಡೆಯುವ ಕಂಬವನ್ನೂ ಕೀಲಿನ ಹಲಗೆಯನ್ನೂ ಮೆತ್ತೆಗಳನ್ನೂ ಮುಂದಕ್ಕೆ ಒಯ್ಯಬೇಕು.

ಹಲಗೆ ಮುಂದೆ ಸರಿದಾಗ ಅದರ ಕೆಳಗೆ ಅಡ್ಡತೊಲೆ ಇದೆಯೇ ಎಂದು ನೋಡದಿದ್ದರೆ ಕೆಟ್ಟಿತು. ಇಲ್ಲವಾದರೆ ಉಕ್ಕಿನ ಚಾನಲ್ ಸೇರಿಸಬೇಕು. ಬೆಸುಗೆಗಿಂತ ಯು-ಬೋಲ್ಟು ಹಾಕುವುದು ವಾಸಿ. ತುಕ್ಕು ಹಿಡಿಯದಂತೆ ಇಂಥ ಟ್ರೇಲರುಗಳಿಗೆ ಸತುವಿನ ಲೇಪ ಕೊಟ್ಟಿರುವುದುಂಟು. ಬೆಸೆಯುವಾಗ ಆ ಸತು ಉರಿದು ಏಳುವ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಲೇಪ ಹೋದ ಜಾಗದಿಂದಲೇ ತುಕ್ಕೂ ಶುರುವಾಗುತ್ತದೆ.

ಮನೆಯ ತೂಕದ ಯಂತ್ರದಲ್ಲೇ

165 ಕಿಲೋ ತೂಗಲು ದೊಡ್ಡ ತಕ್ಕಡಿ ಬೇಕಿಲ್ಲ. ನಾವು ನಿಂತು ತೂಕ ನೋಡಿಕೊಳ್ಳುವ ಯಂತ್ರವೇ ಸಾಕು. ಮೂರಡಿ ಅಂತರದಲ್ಲಿ ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ಯಂತ್ರ ಇಟ್ಟು, ಎರಡರ ಮೇಲೂ ಗಟ್ಟಿ ಹಲಗೆಯನ್ನು ಸಮಮಟ್ಟವಾಗಿ ಹಾಕಿ. ಇಟ್ಟಿಗೆಯಿಂದ ಒಂದಡಿ ದೂರದಲ್ಲಿ ಟ್ರೇಲರಿನ ಮೂತಿಯನ್ನು ಹಲಗೆಯ ಮೇಲೆ ಕೂರಿಸಿ. ಯಂತ್ರಕ್ಕೆ ಮೂರನೆಯ ಒಂದು ಪಾಲು ಮಾತ್ರ ಬೀಳುತ್ತದೆ. ಬರಿಯ ಹಲಗೆ ತೋರಿಸಿದ್ದನ್ನು ಕಳೆದು, ಉಳಿದದ್ದನ್ನು ಮೂರರಿಂದ ಗುಣಿಸಿದರೆ ಉತ್ತರ. 55 ತೋರಿಸಿದರೆ ನಿಜವಾದ ಭಾರ 165. ನೆಲ ಸಮತಟ್ಟಾಗಿರಬೇಕು, ಚಕ್ರಗಳಿಗೆ ಅಡೆ ಕೊಟ್ಟಿರಬೇಕು, ಮೂತಿ ಕಾರಿಗೆ ಕಟ್ಟಿದಾಗಿನ ಎತ್ತರದಲ್ಲೇ ಇರಬೇಕು.

ಕಟ್ಟುವುದರಲ್ಲೂ ಶಾಸ್ತ್ರವಿದೆ. ಕಾರು ಗಕ್ಕನೆ ನಿಂತಾಗ ದೋಣಿ ನಿಲ್ಲಲು ಒಪ್ಪುವುದಿಲ್ಲ; ನ್ಯೂಟನ್ನನ ಮೊದಲ ನಿಯಮ. ಆದ್ದರಿಂದ ಹಿಂದಕ್ಕೆ ಜಾರದಂತೆ ಕಟ್ಟಿದರೆ ಸಾಲದು, ಮುಂದಕ್ಕೆ ನುಗ್ಗದಂತೆಯೂ ಕಟ್ಟಬೇಕು. ಟ್ರೇಲರಿಗೆ ತನ್ನದೇ ಬ್ರೇಕು ಇರಬೇಕು. ಒಟ್ಟು ತೂಕ 3,000 ಪೌಂಡು, ಅಂದರೆ ಸುಮಾರು 1,360 ಕಿಲೋ ದಾಟಿದರೆ ಅಲ್ಲಿನ ಹಲವು ರಾಜ್ಯಗಳಲ್ಲಿ ಅದು ಕಡ್ಡಾಯ. ವರ್ಷಗಟ್ಟಲೆ ನಿಂತಲ್ಲೇ ನಿಂತ ಟ್ರೇಲರಿನ ಟೈರು ನೋಡಲು ಹೊಸದಿದ್ದರೂ ರಬ್ಬರು ಬಿರಿದಿರುತ್ತದೆ. ಹೊರಟು ಹದಿನೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ನಟ್ಟು, ಪಟ್ಟಿ, ಮೆತ್ತೆ ಎಲ್ಲವನ್ನೂ ಮುಟ್ಟಿ ನೋಡಬೇಕು.

ನೀರಿಗೆ ಇಳಿಸುವಾಗ

ದೋಣಿ ತೇಲಲು ಎಷ್ಟು ಆಳ ಬೇಕು? ಕೀಲಿನ ಆಳ 1.07 ಮೀಟರ್, ಹಲಗೆ ನೆಲದಿಂದ 0.30 ಮೀಟರ್ ಎತ್ತರ, ಒಟ್ಟು 1.37. ಎಂಟಕ್ಕೆ ಒಂದರಂತೆ ಇಳಿಯುವ ಜಾರುದಾರಿಯಲ್ಲಿ ಇಷ್ಟು ಆಳ ಸಿಗಲು ದಡದಿಂದ ಸುಮಾರು 11 ಮೀಟರ್ ಒಳಗೆ ಹೋಗಬೇಕು. ಕೀಲಿನಿಂದ ಕೊಕ್ಕೆಗೆ ನಾಲ್ಕೂವರೆ ಮೀಟರ್ ಎಂದರೆ ಕೊಕ್ಕೆ ಇರುವ ಕಡೆ 80 ಸೆಂಟಿಮೀಟರ್ ನೀರು. ಕಾರಿನ ಹಿಂಭಾಗ ಮುಳುಗಿತು! ಅದಕ್ಕೇ ಟ್ರೇಲರಿನ ಮೂತಿಗೆ ಉದ್ದದ ಕಬ್ಬಿಣದ ತೊಲೆ ಜೋಡಿಸಿ, ಕಾರನ್ನು ದಡದಲ್ಲೇ ಉಳಿಸಿಕೊಂಡು ಇಳಿಸುತ್ತಾರೆ. ಈ ಜೋಡಣೆ ಜಾರುದಾರಿಗೆ ಮಾತ್ರ, ಹೆದ್ದಾರಿಗಲ್ಲ. ಕ್ರೇನು ಇರುವ ಕಡೆ ಈ ರಗಳೆಯೇ ಇಲ್ಲ.

ಹಾಯಿದೋಣಿಯನ್ನು ಕಾಣದ ನಮ್ಮೂರಿಗೂ ಈ ಲೆಕ್ಕ ಸಲ್ಲುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಬೆಳಗಾವಿ ಕಡೆ ಹೋದರೆ ದಿಬ್ಬ ಹತ್ತುವಾಗ ಮುಂಗಾಲೆತ್ತಿದ ಕುದುರೆಯಂತೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನೆಲ ಬಿಡುವುದನ್ನು ನೋಡಬಹುದು. ತಾಳುವುದಕ್ಕಿಂತ ಹೆಚ್ಚು ಹೇರಿ ಏರಿನಲ್ಲಿ ಜಗ್ಗಿದ್ದರ ಫಲ ಅದು. ಶಾಲೆಗಳಲ್ಲಿ ಮೇಷ್ಟರುಗಳು ಒಂದು ಆಟಿಕೆ ಕಾರಿಗೆ ಎರಡು ಚಕ್ರದ ಪುಟ್ಟ ಗಾಡಿ ಕಟ್ಟಿ, ನಾಣ್ಯಗಳನ್ನು ಒಮ್ಮೆ ಅಚ್ಚಿನ ಮುಂದೆ, ಒಮ್ಮೆ ಹಿಂದೆ ಇಟ್ಟು ಇಳಿಜಾರಿನ ಹಲಗೆಯ ಮೇಲೆ ಬಿಟ್ಟು ತೋರಿಸಲಿ. ಹಿಂಭಾರವಿಟ್ಟಾಗ ಗಾಡಿಯ ಬಾಲ ಹೇಗಾಡುತ್ತದೆಂಬುದನ್ನು ಒಮ್ಮೆ ಕಣ್ಣಾರೆ ಕಂಡ ಮಗು, ಮುಂದೆ ಯಾವ ಗಾಡಿ ಹೇರುವಾಗಲೂ ಮೊದಲು ಅಚ್ಚು ಎಲ್ಲಿದೆಯೆಂದು ನೋಡುತ್ತದೆ.