ಹಳೆಯ ಕಾರಿನ ಚಳಿ ಹಠ ಮತ್ತು ಮಿಸ್ಸಿಂಗ್

ಪೆಟ್ರೋಲ್ ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯಲ್ಲಿ ಬೆರೆತ ಮೇಲಷ್ಟೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಾರ್ಬೊರೇಟರ್ ಕಾಲದ ಮಾರುತಿ 800, ಅಂಬಾಸಿಡರ್, ಪದ್ಮಿನಿಗಳು ಮುಂಜಾನೆ ಹಠ ಹಿಡಿಯುವುದಕ್ಕೆ ಮೂಲ ಇದೇ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲಿನ ಹಗುರ ಅಂಶವಷ್ಟೇ ಆವಿಯಾಗುತ್ತದೆ, ಉಳಿದದ್ದು ಹನಿಯಾಗಿ ಮ್ಯಾನಿಫೋಲ್ಡಿನ ಗೋಡೆಗೆ ಅಂಟುತ್ತದೆ. ಈ ಕೊರತೆ ತುಂಬಲು ಚೋಕ್ ಇದೆ. ಅದನ್ನೆಳೆದರೆ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಚೋಕ್ ಕೇಬಲ್ ಸಡಿಲವಾಗಿ ಮುಚ್ಚಳ ಪೂರ್ತಿ ಮುಚ್ಚದಿದ್ದರೆ ಚಳಿಯಲ್ಲಿ ಸ್ಟಾರ್ಟ್ ಆಗದು. ಮುಚ್ಚಿಯೇ ಉಳಿದರೆ ಎಂಜಿನ್ ಬಿಸಿಯಾದ ಮೇಲೂ ಕಪ್ಪು ಹೊಗೆ ಬಿಡುತ್ತದೆ. ಏರ್ ಫಿಲ್ಟರ್ ತೆಗೆದು ಕಣ್ಣಿಟ್ಟರೆ ಎರಡೂ ಕಾಣುತ್ತವೆ.

ದೋಷ ಯಾವ ಭಾಗದ್ದು ಎಂದು ಊಹಿಸುವ ಮೊದಲು ಅದು ಯಾವಾಗ ಕಾಣಿಸಿಕೊಳ್ಳುತ್ತದೆ ಎಂದು ಗಮನಿಸುವುದು ಲಾಭ. ನಾಲ್ಕು ದಿನ ನಿಲ್ಲಿಸಿದ ಕಾರು ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಹತ್ತಿಕೊಂಡು, ಆಮೇಲೆ ಸರಿಯಾಗಿ ಓಡಿದರೆ ಚೋಕ್‌ನ ತಪ್ಪಿಲ್ಲ. ಫ್ಲೋಟ್ ಚೇಂಬರ್‌ನ ಪೆಟ್ರೋಲ್ ಆವಿಯಾಗಿ ಖಾಲಿಯಾಗಿರುತ್ತದೆ, ಇಲ್ಲವೇ ಪಂಪಿನ ವಾಲ್ವ್ ಸೋರಿ ಟ್ಯಾಂಕಿಗೆ ಹಿಂದಿರುಗಿರುತ್ತದೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಅನುಮಾನ ಬ್ಯಾಟರಿಯ ಮೇಲೆ. ಚಳಿಗೆ ಆಯಿಲ್ ಗಟ್ಟಿಯಾಗಿ, ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಕಾಯಿಲ್‌ಗೂ ಕರೆಂಟ್ ಸಾಲದೆ ಕಿಡಿ ದುರ್ಬಲವಾಗುತ್ತದೆ. ಟರ್ಮಿನಲ್‌ಗೆ ಹಿಡಿದ ಬಿಳಿ-ಹಸಿರು ಕಿಲುಬೂ ಇದೇ ತೊಂದರೆ ತರಬಲ್ಲದು. ಹೊಸ ಬ್ಯಾಟರಿ ಕೊಳ್ಳುವ ಮುನ್ನ ಅದನ್ನು ಉಜ್ಜಿ ತೆಗೆಯುವುದು ಒಳ್ಳೆಯದು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಎಥನಾಲ್ ಬೆರೆತ ಇ20 ಪೆಟ್ರೋಲ್ ಗಾಳಿ-ಇಂಧನದ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಉರಿಯಲು ಮಾತ್ರ ಸುಮಾರು 9 ಪಾಲು ಗಾಳಿ ಸಾಕು. ಹೊಸ ಕಾರಿನ ಸೆನ್ಸರ್ ಇದನ್ನು ಸರಿದೂಗಿಸುತ್ತದೆ. ಕಾರ್ಬೊರೇಟರ್‌ನ ಜೆಟ್ ಹಳೆಯ ಅಳತೆಯಲ್ಲೇ ಇರುವುದರಿಂದ ಮಿಶ್ರಣದಲ್ಲಿ ಗಾಳಿಯೇ ಹೆಚ್ಚಾಗುತ್ತದೆ. ಹಳೆಯ ರಬ್ಬರ್ ಪೈಪ್, ಡಯಾಫ್ರಾಮ್‌ಗಳೂ ಎಥನಾಲಿಗೆ ಸವೆಯಬಹುದು.

ಗ್ಯಾರೇಜಿನವರು ಮಿಸ್ಸಿಂಗ್ ಎನ್ನುವುದು ಯಾವುದೋ ಒಂದು ಸಿಲಿಂಡರ್ ಆಗಾಗ ಉರಿಯದೆ ಉಳಿಯುವುದನ್ನು. ಮೂರು ಸಿಲಿಂಡರಿನ ಮಾರುತಿ 800ರಲ್ಲಿ ಒಂದು ಸತ್ತರೆ ಇಡೀ ಕಾರು ನಡುಗುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ಕಿತ್ತು, ಲೋಹಕ್ಕೆ ತಾಗಿಸಿ ಹಿಡಿದರೆ ತಪ್ಪಿತಸ್ಥ ಸಿಕ್ಕಿಬೀಳುತ್ತದೆ: ಯಾವುದನ್ನು ಕಿತ್ತರೂ ಸದ್ದು ಬದಲಾಗದೋ ಅದೇ ಕೆಲಸ ಮಾಡದ ಸಿಲಿಂಡರ್. ವೈರಿನಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ಬರಿಗೈ ಸಲ್ಲದು. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿನಲ್ಲಿ ಈ ಪರೀಕ್ಷೆಯೇ ಬೇಡ, ಮಾಡ್ಯೂಲ್ ಸುಟ್ಟುಹೋದೀತು.

ಆ ಸಿಲಿಂಡರಿನ ಪ್ಲಗ್ ಬಿಚ್ಚಿದರೆ ಬಣ್ಣವೇ ಅರ್ಧ ಕಥೆ ಹೇಳುತ್ತದೆ. ತಿಳಿಗಂದು ಆರೋಗ್ಯದ ಗುರುತು. ಒಣ ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಬಿಳುಪು ಎಂದರೆ ಗಾಳಿ ಹೆಚ್ಚು ಅಥವಾ ಅತಿ ಶಾಖ. ಎಣ್ಣೆಯ ಪಸೆ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಪೆಟ್ರೋಲ್ ವಾಸನೆಯ ಒದ್ದೆ ಪ್ಲಗ್ ಎಂದರೆ ಕಿಡಿಯೇ ಬಂದಿಲ್ಲ. ಇದನ್ನು ನೋಡದೆ ಪ್ಲಗ್ ಸೆಟ್ ಬದಲಿಸಿಬಿಡುವ ರೂಢಿ ಸಾಕ್ಷಿಯನ್ನೇ ಕಸದ ಬುಟ್ಟಿಗೆ ಹಾಕಿದಂತೆ.

ಐಡ್ಲಿಂಗ್‌ನಲ್ಲಿ ಮಾತ್ರ ಮಿಸ್ಸಿಂಗ್ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಮಾಯವಾದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ವ್ಯಾಕ್ಯೂಮ್ ಪೈಪಿನಿಂದ ಗಾಳಿ ನುಸುಳುತ್ತಿರಬಹುದು, ಇಲ್ಲವೇ ಸ್ಲೋ ಜೆಟ್ ಕಟ್ಟಿರಬಹುದು. ಘಾಟಿ ಏರುವಾಗ ಮಾತ್ರ ಕಾಣಿಸಿಕೊಂಡರೆ ದೋಷ ಕಿಡಿಯ ಕಡೆಯದ್ದಿರುವ ಸಂಭವ ಹೆಚ್ಚು, ಏಕೆಂದರೆ ಸಿಲಿಂಡರಿನ ಒತ್ತಡ ಹೆಚ್ಚಿದಂತೆ ಪ್ಲಗ್ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಬಿರುಕು ಬಿಟ್ಟ ವೈರ್ ಆಗ ಬೇರೆ ದಾರಿಯಲ್ಲಿ ಕಿಡಿ ಸೋರಿಸುತ್ತದೆ. ಕತ್ತಲಲ್ಲಿ ಬಾನೆಟ್ ತೆರೆದರೆ ನೀಲಿ ಮಿನುಗು ಕಾಣುವುದೂ ಉಂಟು. ಮಲೆನಾಡಿನ ಮಳೆಗಾಲದಲ್ಲಿ ಡೆಲ್ಕೊ (ಡಿಸ್ಟ್ರಿಬ್ಯೂಟರ್) ಕ್ಯಾಪಿನೊಳಗೆ ಕಟ್ಟುವ ತೇವವೂ ಹೀಗೆಯೇ ಕಾಡುತ್ತದೆ. ಬಿಸಿಯಾದ ಮೇಲಷ್ಟೇ ಎಂಜಿನ್ ನಿಂತು, ತಣಿದಾಗ ಮತ್ತೆ ಹತ್ತಿಕೊಂಡರೆ ಕಾಯಿಲ್ ಅಥವಾ ಕಂಡೆನ್ಸರ್ ನೋಡಬೇಕು.

ಕಿಡಿ, ಪೆಟ್ರೋಲ್ ಎರಡೂ ಸರಿಯಿದ್ದೂ ಸಿಲಿಂಡರ್ ಸತ್ತಿದ್ದರೆ ಉಳಿಯುವುದು ಕಂಪ್ರೆಷನ್. ಗೇಜಿನಲ್ಲಿ ಕಡಿಮೆ ಬಂದರೆ ಪ್ಲಗ್ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲೂ ಕಡಿಮೆ ಇದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ತೆರೆದೇ ನಿಂತಿದ್ದರೆ ಫೀಲರ್ ಗೇಜಿನಿಂದ ಸರಿಪಡಿಸಬಹುದು. ವಾಲ್ವ್ ಸುಟ್ಟಿದ್ದರೆ ಹೆಡ್ ಇಳಿಸಲೇಬೇಕು.